ನಾಲ್ಕು ಎಂದವರು ನೆಲದ ಮೇಲೆ ಉಳಿಯುವ ಊರು

ಹೊರಡುವ ಮುನ್ನ, ಕನಕಪುರ

ನಾನು ಫಿನ್‌ಲ್ಯಾಂಡಿಗೆ ಹೋದದ್ದು ವಿಮಾನದಲ್ಲಿ ಅಂತ ಪಾಸ್‌ಪೋರ್ಟಿನ ಮುದ್ರೆ ಹೇಳುತ್ತದೆ. ನಿಜವಾಗಿ ಹೋದದ್ದು ಒಂದು ಸುಳ್ಳಿನ ಮೇಲೆ ಕೂತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅಲ್ಲಿಯ ಕಾಡು, ಕೆರೆ, ಕಾಫಿ ಅಂತ ಬರೆಯುತ್ತಾ ಹೋದರೆ ನನಗೇ ಮರೆತುಹೋದೀತು.

ನಾನು ಕರೆಂಟ್ ಆಫೀಸಿನಲ್ಲಿ ಎಂಜಿನಿಯರ್. ತವರು ಚನ್ನಪಟ್ಟಣ, ಮನೆ ಕನಕಪುರ, ಕೆಲಸ ಕೋಡಿಹಳ್ಳಿ ಕಡೆಯ ಸೆಕ್ಷನ್‌ನಲ್ಲಿ. ಕೈಕೆಳಗೆ ಹನ್ನೊಂದು ಜನ ಲೈನ್‌ಮನ್‌ಗಳು. ಗಾಳಿಗೆ ಮರ ಬಿದ್ದರೆ, ಆನೆ ಕಂಬ ತಳ್ಳಿದರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಇವರೇ ಓಡಬೇಕು. ಊರವರ ಬೈಗುಳ ತಿನ್ನಬೇಕಾದವರೂ ಇವರೇ. ಇಂಥ ಹನ್ನೊಂದು ಗಂಡಸರ ಮೇಲೆ ಹೆಂಗಸೊಬ್ಬಳು ಅಧಿಕಾರಿಯಾಗಿ ಬಂದರೆ ಸುಮ್ಮನೆ ಆಗುತ್ತದೆಯೇ? ಬಂದ ಮೊದಲ ದಿನವೇ ನಾನೊಂದು ಗತ್ತಿನ ಮಾತು ಆಡಿದ್ದೆ: "ಆಗಲ್ಲ ಅನ್ನೋ ಮಾತು ನಮ್ಮ ಸೆಕ್ಷನ್‌ನಲ್ಲಿ ಕೇಳಿಸಬಾರದು." ಆರು ವರ್ಷ ಕೇಳಿಸಲಿಲ್ಲ. ಅದನ್ನು ನನ್ನ ದೊಡ್ಡಸ್ತಿಕೆ ಅಂತಲೇ ತಿಳಿದಿದ್ದೆ.

ಈ ವರ್ಷ ಮೇಲಿನ ಆಫೀಸಿನಿಂದ ಒಂದು ಫಾರಂ ಬಂತು. ಒತ್ತಡದಲ್ಲಿ ಕೆಲಸ ಮಾಡುವ ತಂಡಗಳ ತಾಳಿಕೆ ಅಳೆಯುತ್ತಾರಂತೆ. ತಾಳಿಕೆ ಅಂದರೆ, ಪೆಟ್ಟು ಬಿದ್ದ ತಂಡ ಮುರಿದು ಬೀಳದೆ ಮತ್ತೆ ಎದ್ದು ನಿಲ್ಲುವ ಶಕ್ತಿ. 'ನಮ್ಮ ತಂಡದಲ್ಲಿ ಕಷ್ಟ ಹೇಳಿಕೊಳ್ಳಬಹುದು', 'ನಮ್ಮ ಮೇಲಧಿಕಾರಿ ಕಿವಿಗೊಟ್ಟು ಕೇಳುತ್ತಾರೆ', ಹೀಗೆ ಇಪ್ಪತ್ತು ಸಾಲು. ಪ್ರತಿ ಸಾಲಿನ ಮುಂದೆ ಒಂದರಿಂದ ಹತ್ತರೊಳಗೆ ಒಂದು ಅಂಕಿ ಹಾಕಬೇಕು. ನಮ್ಮ ಹುಡುಗರು ನನ್ನ ಮೇಜಿನ ಸುತ್ತಲೇ ನಿಂತು ತುಂಬಿದರು. ಎಲ್ಲರಿಗಿಂತ ಹಿರಿಯರಾದ ಬೋರೇಗೌಡರು ಪೆನ್ನು ಹಿಡಿದು ಕೇಳಿದರು:

"ಮೇಡಂ, ಎಲ್ಲಕ್ಕೂ ಹತ್ತು ಹಾಕ್ಬುಟ್ರೆ ಅನ್ಮಾನ ಬರಲ್ವಾ? ಒಂದೆರಡಕ್ಕೆ ಒಂಬತ್ತು ಹಾಕ್ಲಾ, ನಿಜ ಅನ್ನಿಸ್ಲಿ?"

"ಹತ್ತೇ ಹಾಕಿ ಬೋರೇಗೌಡ್ರೇ, ನಮಗೇನು ಕಮ್ಮಿ?" ಅಂದೆ.

ಹತ್ತು ಫಾರಂ ಹೋದವು. ಹನ್ನೊಂದನೆಯ ಲೈನ್‌ಮನ್ ಶಿವಮಾದು ಆಗ ಕಾಲಿಗೆ ರಾಡ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದ. ಅವನನ್ನು ಯಾರೂ ಕೇಳಲಿಲ್ಲ. ನಮ್ಮದೇ ಎಲ್ಲಕ್ಕಿಂತ ಗಟ್ಟಿ ತಂಡ ಅಂತ ತೀರ್ಮಾನವಾಯಿತು. ಅದರ ಗುಟ್ಟನ್ನು ಫಿನ್‌ಲ್ಯಾಂಡಿನ ಕರೆಂಟ್ ಆಫೀಸಿನವರಿಗೆ ಹೇಳಿಬರಲು, ಅಲ್ಲಿಯವರದನ್ನು ಕಲಿತುಬರಲು ಅಕ್ಟೋಬರಿನಲ್ಲಿ ಒಂದು ವಾರ ನನ್ನನ್ನು ಕಳಿಸಿದರು.

ಭಾನುವಾರ, ಹೆಲ್ಸಿಂಕಿ

ಇಳಿದ ಊರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಜನರ ನಡುವಿನ ಜಾಗ. ಬಸ್ ಸ್ಟಾಪಿನಲ್ಲಿ ಒಬ್ಬಾಕೆ ನಿಂತಿದ್ದಳು. ನಮ್ಮೂರ ಅಭ್ಯಾಸ, ಹತ್ತಿರ ಹೋಗಿ ನಿಂತೆ. ಆಕೆ ಎರಡು ಹೆಜ್ಜೆ ಆಚೆ ಹೋದಳು. ಬೋರ್ಡು ಓದೋಣ ಅಂತ ನಾನೂ ಎರಡು ಹೆಜ್ಜೆ ಹೋದೆ. ಆಕೆ ಮತ್ತೆ ಸರಿದಳು. ಕೊನೆಗೆ ಪಾಪ, ಸ್ಟಾಪಿನಿಂದಲೇ ಹೊರಗೆ ಹೋಗಿ ತುಂತುರು ಮಳೆಯಲ್ಲಿ ನಿಂತಳು. ನನಗೆ ರೇಗಿತು. ನನ್ನ ಮೈಗೇನು ಒಗ್ಗರಣೆ ವಾಸನೆ ಬರುತ್ತಿದೆಯೇ? ಸಂತೆಯ ದಿನ ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಬಂದರೆ ಒಬ್ಬರ ಬುಟ್ಟಿ ಇನ್ನೊಬ್ಬರ ತೊಡೆಯ ಮೇಲೆ ಇರುತ್ತದೆ, ಇಳಿಯುವುದರೊಳಗೆ ಅವರ ಮಗಳ ಗಂಡನ ಊರು ಯಾವುದು ಅನ್ನುವುದೂ ಗೊತ್ತಾಗಿರುತ್ತದೆ.

ಅಲ್ಲಿಂದ ರೈಲಿನಲ್ಲಿ ಮಿಕ್ಕೆಲಿ ಅನ್ನುವ ಸಣ್ಣ ಊರಿಗೆ. ಡಬ್ಬಿಯ ತುಂಬ ಜನ, ಮಾತು ಮಾತ್ರ ಇಲ್ಲ. ಹಳದಿಗೆ ತಿರುಗಿದ ಕಾಡು, ಕೆರೆ, ಮತ್ತೆ ಕಾಡು, ಮತ್ತೆ ಕೆರೆ. ಎಲ್ಲ ಕೆರೆಯಲ್ಲೂ ನೀರು! ನೋಡಿ ಹೊಟ್ಟೆಕಿಚ್ಚಾಯಿತು.

ಸೋಮವಾರ, ಮಿಕ್ಕೆಲಿ

ಅಲ್ಲಿಯ ಕರೆಂಟ್ ಆಫೀಸಿಗೆ ಬೆಳಗಿನ ಏಳಕ್ಕೇ ಹೋದೆ. ಬಾಗಿಲಲ್ಲೇ ಎಲ್ಲರೂ ಬೂಟು ಬಿಚ್ಚಿ ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಓಡಾಡುತ್ತಿದ್ದರು. ನಮ್ಮ ಮನೆಗಳ ಹಾಗೇ! ಖುಷಿಯಿಂದ ನಾನೂ ಬಿಚ್ಚಿದೆ. ನೋಡುತ್ತೇನೆ, ಎಡಗಾಲಿನ ಹೆಬ್ಬೆರಳು ಚೀಲದ ತೂತಿನಿಂದ ಇಣುಕಿ ಎಲ್ಲರಿಗೂ ನಮಸ್ಕಾರ ಹೇಳುತ್ತಿದೆ. ಗಟ್ಟಿ ತಂಡದ ಗುಟ್ಟು ಹೇಳಲು ಸಮುದ್ರ ದಾಟಿ ಬಂದ ಅಧಿಕಾರಿಯ ಭೂಷಣ ಅದು. ಇಡೀ ದಿನ ಬಲಗಾಲನ್ನು ಎಡಗಾಲ ಮೇಲಿಟ್ಟುಕೊಂಡೇ ಕೂತೆ.

ಆ ತಂಡದ ಮುಖ್ಯಸ್ಥೆ ಹೆಲೆನಾ. ಐವತ್ತೈದು ದಾಟಿದ ಹೆಂಗಸು, ತಾನೂ ಇಪ್ಪತ್ತು ವರ್ಷ ಕಂಬ ಹತ್ತಿದವಳು. ಅಲ್ಲಿ ಮೇಡಂ ಇಲ್ಲ, ಸಾರ್ ಇಲ್ಲ, ಆಕೆ ಎಲ್ಲರಿಗೂ ಬರೀ ಹೆಲೆನಾ. ಏಳು ಜನ ಕಾಫಿ ಲೋಟ ಹಿಡಿದು ದುಂಡಗೆ ನಿಂತರು. ಒಬ್ಬೊಬ್ಬರೂ ಒಂದೊಂದು ಅಂಕಿ ಹೇಳಿದರು. ಎಂಟು. ಏಳು. ಒಂಬತ್ತು. ಎಂಟು. ಆಮೇಲೆ ಯೂಹಾ ಎಂಬ ಆಸಾಮಿ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದವನು, "ನಾಲ್ಕು" ಅಂದ. ಹೆಲೆನಾ ತಲೆಯಾಡಿಸಿ ಹಲಗೆಯ ಮೇಲೆ ಅವನ ಹೆಸರನ್ನು 'ನೆಲ' ಅಂತಿರುವ ಸಾಲಿನಲ್ಲಿ ಬರೆದಳು. ಮುಗಿಯಿತು, ಮುಂದಿನವನು ಏಳು ಅಂದ.

ಹತ್ತರಲ್ಲಿ ಅವತ್ತು ತಾನು ಎಷ್ಟಿದ್ದೇನೆ ಅನ್ನುವ ಅಂಕಿಯಂತೆ ಅದು. ಐದಕ್ಕಿಂತ ಕೆಳಗೆ ಹೇಳಿದವರು ಆ ದಿನ ಕಂಬ ಹತ್ತುವ ಹಾಗಿಲ್ಲ. ಕೆಳಗಿನ ಕೆಲಸ ಮಾಡಬೇಕು, ವ್ಯಾನ್ ಓಡಿಸಬೇಕು, ಸಾಮಾನು ಕೊಡಬೇಕು.

ನನಗೆ ತಡೆಯಲಾಗಲಿಲ್ಲ. ನೇರ ಯೂಹಾನ ಹತ್ತಿರ ಹೋಗಿ, "ಏನಾಯಿತು? ಜ್ವರವಾ? ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ?" ಅಂತ ಕೇಳಿಬಿಟ್ಟೆ. ನಮ್ಮಲ್ಲಿ ಹಾಗೆ ಕೇಳದಿದ್ದರೆ ಅದೇ ತಪ್ಪು. ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಉಳಿದವರೆಲ್ಲ ಲೋಟದೊಳಗೆ ಏನೋ ಹುಡುಕತೊಡಗಿದರು. ಹೆಲೆನಾ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು: "ಶೈಲಾ, ಇಲ್ಲಿ ನಾವು ಯಾಕೆ ಅಂತ ಕೇಳುವುದಿಲ್ಲ. ಇವತ್ತು ಕೇಳಿದರೆ ನಾಳೆ ಅವನು ಎಂಟು ಅನ್ನುತ್ತಾನೆ. ಎಂಟು ಅಂದು ಮೇಲೆ ಹತ್ತುತ್ತಾನೆ."

ಮಂಗಳವಾರ, ಕಾಡಿನ ಲೈನ್

ಗಾಳಿಗೆ ಲೈನಿನ ಮೇಲೆ ಮರ ಒರಗಿದ ಜಾಗಕ್ಕೆ ಹೋದೆವು. ಹೆಲೆನಾ ವ್ಯಾನಿನಲ್ಲಿ ತನ್ನ ಲೆಕ್ಕ ವಿವರಿಸಿದಳು. ದೊಡ್ಡ ಅಂಕಿಗಳನ್ನು ಅವಳು ನೋಡುವುದೇ ಇಲ್ಲವಂತೆ. ಚಿಕ್ಕ ಅಂಕಿ ಎಷ್ಟು ಸಲ ಬಾಯಿಬಿಟ್ಟು ಹೇಳಿದರು ಅನ್ನುವುದೇ ತಂಡದ ತಾಳಿಕೆಯ ಅಳತೆ. "ಒಂದು ತಿಂಗಳು ಯಾರೂ ಐದರ ಕೆಳಗೆ ಹೇಳದಿದ್ದರೆ ನನಗೆ ಹೆದರಿಕೆ ಶುರುವಾಗುತ್ತದೆ. ಏನು ತಪ್ಪು ಮಾಡಿದೆ, ಯಾರ ಮೇಲೆ ರೇಗಿದೆ ಅಂತ ಹುಡುಕುತ್ತೇನೆ," ಅಂದಳು.

ನನ್ನ ಚೀಲದಲ್ಲಿ ಹತ್ತಕ್ಕೆ ಹತ್ತು ಬಂದ ನಮ್ಮ ಫಾರಂಗಳ ಪಟ್ಟಿ ಇತ್ತು. ಆ ಚೀಲವನ್ನು ಕಾಲ ಕೆಳಗೆ ತಳ್ಳಿದೆ.

ಆ ಕಾಡಿನಲ್ಲಿ ನಿಂತಾಗಲೇ ಶಿವಮಾದುವಿನ ಆ ಬೆಳಿಗ್ಗೆ ಪೂರ್ತಿ ನೆನಪಿಗೆ ಬಂದದ್ದು. ಬಂದದ್ದು ಏನು, ಏಪ್ರಿಲಿನಿಂದ ಎದೆಯಲ್ಲೇ ಕೂತಿತ್ತು. ನಾನೇ ಅದರ ಮುಖ ನೋಡಿರಲಿಲ್ಲ.

ನಮ್ಮ ಲೈನ್‌ಮನ್‌ಗಳಲ್ಲಿ ಒಂದು ಪದ್ಧತಿ ಇದೆ. ಕಂಬ ಹತ್ತುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಯಾರೂ ಕೆಟ್ಟ ಮಾತು ಆಡಬಾರದು. 'ಆಗಲ್ಲ', 'ಹುಷಾರಿಲ್ಲ', 'ಭಯ' ಇವೆಲ್ಲ ಅಪಶಕುನ. ಹಾಗಾದರೆ ನಿಜಕ್ಕೂ ಆಗದವನು ಏನು ಮಾಡಬೇಕು? ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ. "ಇವತ್ತು ಹಗ್ಗ ನಾನು ಹಿಡ್ಕತೀನಿ" ಅನ್ನಬೇಕು. ಮೇಲಿರುವವನಿಗೆ ಸಾಮಾನು ಕಳಿಸುವ ಹಗ್ಗವನ್ನು ಕೆಳಗೆ ನಿಂತು ಹಿಡಿಯುವುದು. ಹಾಗೆ ಅಂದರೆ ಮೈ ಸರಿಯಿಲ್ಲ, ಇವತ್ತು ನನ್ನನ್ನು ಹತ್ತಿಸಬೇಡಿ ಅಂತ ಅರ್ಥ. ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಸೆಕ್ಷನ್‌ಗೆ ಬಂದ ಮೊದಲ ವರ್ಷವೇ ಬೋರೇಗೌಡರು ಹೇಳಿಕೊಟ್ಟಿದ್ದರು.

ಆ ದಿನ ಬಿರುಗಾಳಿಗೆ ಕೋಡಿಹಳ್ಳಿ ಕಡೆ ಸಾಲು ಕಂಬ ಉರುಳಿ ಎರಡು ದಿನವಾಗಿತ್ತು. ಹುಡುಗರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನ್ನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಶಿವಮಾದು ಬಂದು ನಿಂತ.

"ಮೇಡಂ, ಇವತ್ತು ಹಗ್ಗ ನಾನು ಹಿಡ್ಕತೀನಿ. ಬ್ಯಾರೆ ಯಾರಾರ ಹತ್ಲಿ."

"ಹಗ್ಗ ಹಿಡಿಯೋಕೆ ಬೇಕಾದಷ್ಟು ಜನ ಇದಾರೆ, ನೀನು ಹತ್ತಪ್ಪ," ಅಂದೆ. ಅಂದು ಫೋನ್ ಕಿವಿಗಿಟ್ಟುಕೊಂಡೆ.

ಅವನು ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ಮೇಲೆ ಕಂಬಕ್ಕೆ ಕಟ್ಟಿಕೊಂಡ ಬೆಲ್ಟ್ ಬಿಚ್ಚಿ ಆಚೆ ಬದಿಗೆ ಹಾಕಿಕೊಳ್ಳುವಾಗ ಕೈ ನಡುಗಿ ಜಾರಿದ. ಮೈಯಲ್ಲಿ ಜ್ವರ ಸುಡುತ್ತಿತ್ತು ಅಂತ ಆಸ್ಪತ್ರೆಯಲ್ಲಿ ಗೊತ್ತಾಯಿತು. ನಾನು ವರದಿ ಬರೆದೆ: 'ಸದರಿ ನೌಕರರು ತಮ್ಮ ಅನಾರೋಗ್ಯದ ಬಗ್ಗೆ ಮುಂಚಿತವಾಗಿ ತಿಳಿಸಿರುವುದಿಲ್ಲ. ಸ್ವಂತ ಅಜಾಗರೂಕತೆಯಿಂದ ಘಟನೆ ಸಂಭವಿಸಿರುತ್ತದೆ.' ಅನಾರೋಗ್ಯ ಅನ್ನುವ ಪದವನ್ನು ಅವನು ಬಳಸಿರಲಿಲ್ಲವಲ್ಲ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಶಿವಮಾದುವಿನ ತಂದೆ ಮಾದಯ್ಯನವರು ನಮ್ಮ ಸೆಕ್ಷನ್‌ನಲ್ಲೇ ಲೈನ್‌ಮನ್ ಆಗಿ ನಿವೃತ್ತರಾದವರು. ಒಂದು ಸಲವೂ ಕಂಬದಿಂದ ಜಾರಿದವರಲ್ಲ. ಉಬ್ಬಸದ ಎದೆ ಹಿಡಿದುಕೊಂಡು, ಕೋಲೂರಿಕೊಂಡು ಆಫೀಸಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಒಂದ್ ಮಾತು ಕೇಳ್ತೀನಿ ತಾಯಿ, ಬೇಜಾರ್ ಮಾಡ್ಕಬೇಡಿ. ಹತ್ತೋಕ್ ಮುಂಚೆ ನನ್ ಮಗ ನಿಮ್ತಾವ ಏನೂ ಹೇಳ್ಲಿಲ್ವಾ? ಹಗ್ಗ ಹಿಡ್ಕತೀನಿ ಅಂದೆ ಅಂತಾನೆ."

ಬೋರೇಗೌಡರು ಅಲ್ಲೇ ಕಿಟಕಿ ಹತ್ತಿರ ನಿಂತಿದ್ದರು. ನಾನು ಫೈಲಿನ ಮೇಲೆ ಕಣ್ಣಿಟ್ಟು, "ಇಲ್ಲ ಯಜಮಾನ್ರೇ, ಹೇಳಲಿಲ್ಲ" ಅಂದೆ.

"ಹಂಗಾರೆ ಬಿದ್ದುದ್ದೂ ಅಲ್ದೆ ಸುಳ್ಳೂ ಹೇಳವ್ನೆ," ಅಂತ ಅವರು ಏದುಸಿರಿನಲ್ಲೇ ಕೋಲೂರಿಕೊಂಡು ಹೋದರು. ಆಮೇಲೆ ಮನೆಯಲ್ಲಿ ಮಗನ ಜೊತೆ ಮಾತೇ ಬಿಟ್ಟರಂತೆ. ಇದು ನನಗೆ ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಬುಧವಾರ, ಕಾಫಿಯ ಹೊತ್ತು

ಚನ್ನಪಟ್ಟಣದ ಬುಗುರಿಗಳನ್ನು ಒಯ್ದಿದ್ದೆ, ಹಂಚಿದೆ. ಆ ದೈತ್ಯ ಗಂಡಸರು ಮೇಜಿನ ಮೇಲೆ ಬುಗುರಿ ತಿರುಗಿಸುತ್ತಾ ಒಂದು ಮಾತಿಲ್ಲದೆ ಅರ್ಧ ಗಂಟೆ ಕೂತರು. ಯೂಹಾನ ಬುಗುರಿ ಎಲ್ಲರದಕ್ಕಿಂತ ಹೆಚ್ಚು ಹೊತ್ತು ತಿರುಗಿತು. ಅದು ಮಲಗಿದ ಮೇಲೆ, ನಾನು ಕೇಳದೆಯೇ, ತಾನಾಗಿ ಹೇಳಿದ: "ಸೋಮವಾರ ನಾಲ್ಕು ಅಂದೆನಲ್ಲ, ನನ್ನ ನಾಯಿ ಸತ್ತಿತ್ತು. ಹದಿಮೂರು ವರ್ಷ ಜೊತೆಗಿತ್ತು."

ಅಯ್ಯೋ ಶಿವನೇ, ನಾಯಿ ಸತ್ತರೆ ನಾಲ್ಕು! ಮೊದಲು ನಗು ಬಂತು, ಒಳಗೇ ನುಂಗಿದೆ. ಆಮೇಲೆ ಶಿವಮಾದು ನೆನಪಾದ. ಇವನು ನಾಯಿಯ ದುಃಖಕ್ಕೆ ನೆಲದ ಮೇಲೆ ನಿಂತ, ನಮ್ಮವನು ನಡುಗುವ ಜ್ವರದಲ್ಲಿ ಮೇಲೆ ಹತ್ತಿದ. ನಮ್ಮವರಿಗೆ ಹೇಳಲು ಬರುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ, ಅವನು ಹೇಳಿದ್ದನಲ್ಲ.

ಗುರುವಾರ, ನನ್ನ ಸರದಿ

ಮೂರು ಊರುಗಳ ತಂಡಗಳು ಸೇರಿದ್ದವು. ಪರದೆಯ ಮೇಲೆ ನಮ್ಮ ಹತ್ತು ಜನರ ಅಂಕಿ. ಎಲ್ಲ ಹತ್ತು. ಒಂದು ಕಡೆ ಮಾತ್ರ ಒಂಬತ್ತು, ಬೋರೇಗೌಡರು ನನ್ನ ಮಾತು ಮೀರಿ ಹಾಕಿದ್ದು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿ ತಟ್ಟುವುದಿಲ್ಲವೇನೋ ಅಂದುಕೊಂಡೆ.

ಹೆಲೆನಾ ಕೈಯೆತ್ತಿ, ಕೊಂಕಿಲ್ಲದೆ ಕೇಳಿದಳು: "ಈ ವರ್ಷ ಇವರಲ್ಲಿ ಯಾರಾದರೂ 'ಇವತ್ತು ನನ್ನಿಂದ ಆಗದು' ಅಂದದ್ದಿದೆಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲಲ್ಲ, ಗಂಟಲು ಮುಟ್ಟಿಕೊಂಡೆ. ಆಡಬೇಕೆಂದು ಸಿದ್ಧಮಾಡಿದ್ದ ಇಂಗ್ಲಿಷ್ ಎಲ್ಲ ಎಲ್ಲಿಗೋ ಹೋಯಿತು. "ಒಬ್ಬ ಅಂದ," ಅಂದೆ. ಆಮೇಲೆ ಬಂದ ಇಂಗ್ಲಿಷಿನಲ್ಲೇ ಹಗ್ಗದ ಕಥೆ ಹೇಳಿದೆ, ವರದಿಯಲ್ಲಿ ಬರೆದದ್ದು ಹೇಳಿದೆ, ಮುದುಕರು ಬಂದು ಕೇಳಿದಾಗ ಸುಳ್ಳು ಹೇಳಿದ್ದನ್ನೂ ಹೇಳಿದೆ. ಆ ಪಟ್ಟಿಯಲ್ಲಿ ಶಿವಮಾದು ಇಲ್ಲ, ಉಳಿದವರು ನನ್ನ ಕಣ್ಣೆದುರೇ ನಿಂತು ತುಂಬಿದ್ದು ಅಂತ ಹೇಳಿ ಪರದೆ ಆರಿಸಿದೆ. ಅಳು ಬಂತು. ಅತ್ತೆ.

ಯಾರೂ ಬೆನ್ನು ಸವರಲಿಲ್ಲ, 'ಹೋಗಲಿ ಬಿಡಿ' ಅನ್ನಲಿಲ್ಲ. ಯೂಹಾ ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು ಹೋಗಿ ಕೂತ. ಹೆಲೆನಾ, "ಆ ಅಪ್ಪನಿಗೆ ಈಗ ಗೊತ್ತಾಗಬೇಕಲ್ಲವೇ?" ಅಂದಳು.

"ಹೌದು, ಊರಿಗೆ ಹೋದ ತಕ್ಷಣ" ಅಂದೆ.

ಶುಕ್ರವಾರ, ಕೆರೆಯ ದಡ

ಅವತ್ತು ಮೈ ಎಷ್ಟು ಹಗುರವಾಗಿತ್ತು ಅಂದರೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕೆರೆಯ ಸುತ್ತ ನಡೆದೆ. ಅಂಗಡಿಗೆ ಹೋಗಿ ನಮ್ಮ ಹುಡುಗರಿಗೆ ಹನ್ನೊಂದು ಜೊತೆ ದಪ್ಪ ಕೈಗವಸು ಆರಿಸಿದೆ. ಹೊಸ ಕಾಲುಚೀಲ ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಹಾಕಿಕೊಂಡೆ. ಎದುರಿಗೆ ಬಂದ ಒಬ್ಬ ಅಜ್ಜಿ ನನ್ನ ಕಾಲು ನೋಡಿ ನಕ್ಕಿತು. ಆ ದೇಶದಲ್ಲಿ ಅಪರಿಚಿತರೊಬ್ಬರು ನನ್ನನ್ನು ನೋಡಿ ನಕ್ಕದ್ದು ಅದೊಂದೇ ಸಲ. ನಾನೂ ನಕ್ಕೆ.

ಮಧ್ಯಾಹ್ನ ಫೋನು ತೆಗೆದು ಶಿವಮಾದುವಿನ ಹೆಸರಿನವರೆಗೆ ಹೋದೆ. ಊರಿನಲ್ಲಿ ಆಗ ಹಾಲು ಕರೆಯುವ ಹೊತ್ತು. ಬೆರಳು ನಿಂತಿತು. ಇಂಥ ಮಾತನ್ನು ಫೋನಿನಲ್ಲಿ ಆಡುತ್ತಾರೆಯೇ? ಮಾದಯ್ಯನವರ ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು, ಅದೇ ಮರ್ಯಾದೆ ಅಂದುಕೊಂಡೆ. ಮೂರೇ ದಿನ ತಾನೆ. ಒಳಗಿನ ನಿಜ ಅದಲ್ಲ. ಪರದೇಶದವರ ಮುಂದೆ ಅತ್ತು ಪಡೆದ ಆ ಹಗುರವನ್ನು ಒಂದು ದಿನವಾದರೂ ಅನುಭವಿಸೋಣ ಅನ್ನುವ ಆಸೆ. ಫೋನು ಚೀಲಕ್ಕೆ ಹಾಕಿ ಮತ್ತೆ ನಡೆದೆ.

ಸೋಮವಾರ, ಕೋಡಿಹಳ್ಳಿ

ಶನಿವಾರ ವಿಮಾನ ಹತ್ತಿ ಭಾನುವಾರ ಮನೆ ಸೇರಿದೆ. ಸೇರಿದವಳೇ ಪತ್ರ ಬರೆದೆ: ಏಪ್ರಿಲಿನ ವರದಿಯಲ್ಲಿ ನಾನು ಬರೆದದ್ದು ಸುಳ್ಳು, ಶಿವಮಾದು ಮೊದಲೇ ತಿಳಿಸಿದ್ದರು, ಹತ್ತಿಸಿದವಳು ನಾನು, ತಪ್ಪು ನನ್ನದು. ಸೋಮವಾರ ಬೆಳಿಗ್ಗೆ ಆಫೀಸಿಗೂ ಹೋಗದೆ ಆ ಪತ್ರ, ಒಂದು ಜೊತೆ ಕೈಗವಸು ಹಿಡಿದುಕೊಂಡು ಸೀದಾ ಅವನ ಊರಿನ ಬಸ್ಸು ಹತ್ತಿದೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ. ನಮ್ಮ ಹುಡುಗರೂ ನಾಲ್ಕೈದು ಜನ ಇದ್ದರು. ಬೋರೇಗೌಡರು ಎದ್ದು ಬಂದರು.

"ಮಾದಯ್ಯ ಹೋಗ್ಬುಟ್ರು ಮೇಡಂ. ಶನ್ವಾರ ಬೆಳಿಗ್ಗೆ. ಪರದೇಸದಲ್ಲಿ ಇರೋರ್ಗೆ ಕೆಟ್ ಸುದ್ದಿ ಯಾಕೆ ಅಂತ ನಿಮ್ಗೆ ಹೇಳ್ಲಿಲ್ಲ."

ಶಿವಮಾದು ಗೋಡೆಗೆ ಒರಗಿ, ರಾಡ್ ಹಾಕಿದ ಕಾಲು ಚಾಚಿ ಕೂತಿದ್ದ. ಅವನ ಪಕ್ಕ ನೆಲದ ಮೇಲೆ ಕೂತೆ. ಇನ್ನು ಯಾರ ಮುಂದೆ ಹೇಳುವುದು, ಏನು ಹೇಳುವುದು? ಆದರೂ ಹೇಳಿದೆ, ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನು ಹಗ್ಗ ಹಿಡಿಯುತ್ತೇನೆ ಅಂದಿದ್ದ, ನಾನು ಹತ್ತಿಸಿದೆ, ಯಜಮಾನರ ಹತ್ತಿರ ಸುಳ್ಳು ಹೇಳಿದೆ. ಪತ್ರ ಅವನ ಕೈಗೆ ಕೊಟ್ಟೆ. ನಮ್ಮ ಹುಡುಗರು ತಲೆ ತಗ್ಗಿಸಿದ್ದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಶಿವಮಾದು ಪತ್ರವನ್ನು ಎರಡು ಸಲ ಓದಿದ.

"ನಂಗ್ಯಾಕ್ ಹೇಳ್ತೀರಾ ಮೇಡಂ, ನಂಗ್ ಗೊತ್ತಿಲ್ವಾ?" ಅಂದ. ದನಿಯಲ್ಲಿ ಕೋಪವಿರಲಿಲ್ಲ.

ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನನ್ನ ಬುದ್ಧಿಗೆ ಏನು ಬಡಿದಿತ್ತೋ, ಮಾಡಿದ್ದನ್ನು ಹೇಳಿಕೊಳ್ಳುವ ಹಾಗೆ, "ಅಲ್ಲೂ ಹೇಳಿದೆ ಶಿವಮಾದು. ಅವರೆಲ್ಲರ ಮುಂದೆ ನಿಂತು ಹೇಳಿದೆ" ಅಂದೆ.

"ಯಾವತ್ತು ಹೇಳಿದ್ರಿ?"

"ಗುರುವಾರ."

ಅವನು ಪತ್ರವನ್ನು ಮಡಚಿ, ಮತ್ತೆ ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಶುಕ್ರವಾರ ಸಂಜೆಗಂಟ ಅಪ್ಪಂಗೆ ಗ್ಯಾನ ಇತ್ತು ಮೇಡಂ," ಅಂದ. "ನೀವು ಫೋನ್ ಮಾಡಿದ್ರೆ ಕಿವಿಗ್ ಹಿಡೀತಿದ್ದೆ."